ಮಣ್ಣಿನ ಮೇಷ್ಟ್ರು ದಿಲ್ಲಿಯ ಕುರ್ಚಿಗೆ

ಹೋದ ಡಿಸೆಂಬರ್‌ನ ಒಂದು ಬೆಳಿಗ್ಗೆ. ಮಂಜು ಇನ್ನೂ ಸರಿದಿರಲಿಲ್ಲ. ಬಿಳಿಕೆರೆ ಹತ್ತಿರ, ಮೈಸೂರು–ಹುಣಸೂರು ಹೆದ್ದಾರಿಯಿಂದ ಕೆ.ಆರ್. ನಗರದ ಕಡೆಗೆ ರಸ್ತೆ ಒಡೆಯುವ ಜಾಗದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಾನು ಮತ್ತು ನನ್ನ ಗೆಳತಿ ಕುಳಿತಿದ್ದೆವು. ತೊಡೆಯ ಮೇಲೆ ರಟ್ಟು, ಅದರ ಮೇಲೆ ಕ್ಲಿಪ್ ಹಾಕಿದ ಹಾಳೆ, ಕೈಯಲ್ಲಿ ಪೆನ್ಸಿಲ್. ಬೈಕ್ ಹೋದರೆ ಒಂದು ಗೆರೆ, ಬಸ್ ಹೋದರೆ ಇನ್ನೊಂದು ಕಾಲಂನಲ್ಲಿ ಒಂದು ಗೆರೆ. ನಾಲ್ಕು ಗೆರೆ ಆದಮೇಲೆ ಐದನೆಯದನ್ನು ಅಡ್ಡ ಎಳೆಯಬೇಕು. ಸಾರಿಗೆ ಎಂಜಿನಿಯರಿಂಗ್ ವಿಷಯಕ್ಕೆ ನಮ್ಮ ಮೇಷ್ಟ್ರು ಕೊಟ್ಟಿದ್ದ ಅಸೈನ್‌ಮೆಂಟ್ ಅದು: ಬೆಳಿಗ್ಗೆ 6ರಿಂದ 10ರವರೆಗೆ ವಾಹನ ಎಣಿಸುವುದು.

ಏಳು ಗಂಟೆ ಹೊತ್ತಿಗೆ ಎತ್ತಿನ ಗಾಡಿಯೊಂದು ಬಂತು. ಓಡಿಸುತ್ತಿದ್ದ ತಾತ ನಮ್ಮನ್ನು ನೋಡಿ ಗಾಡಿ ನಿಧಾನ ಮಾಡಿದರು.

‘ಏನ್ ಬರ್ಕತಾ ಇದ್ದೀರವ್ವಾ?’

‘ಗಾಡಿ ಎಣಿಸ್ತಾ ಇದ್ದೀವಿ ತಾತ.’

‘ನನ್ ಗಾಡಿನ ಎಷ್ಟಂತ ಬರ್ಕಂಡೆ?’

‘ಎಂಟು.’

‘ಎಂಟಾ? ಇರೋದು ಒಂದೇ ಅಲ್ವಾ ಮಗ!’

ತಾತ ನಕ್ಕು ಮುಂದೆ ಹೋದರು. ನಾನು ಹೇಳಿದ್ದು ತಮಾಷೆಗಲ್ಲ. ಹಳ್ಳಿಗಾಡಿನ ರಸ್ತೆಗಳ ಲೆಕ್ಕದಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರತಿಯೊಂದು ವಾಹನವನ್ನೂ ಕಾರಿಗೆ ಹೋಲಿಸಿ ಒಂದು ಅಂಕಿ ಕೊಟ್ಟಿದೆ. ಕಾರಿಗೆ 1, ಬೈಕಿಗೆ 0.5, ಬಸ್ಸು–ಲಾರಿಗೆ 3, ಟ್ರೈಲರ್ ಕಟ್ಟಿದ ಟ್ರ್ಯಾಕ್ಟರಿಗೆ 4.5, ಎತ್ತಿನ ಗಾಡಿಗೆ 8. ಗಾಡಿ ಎಷ್ಟು ಜಾಗ ಹಿಡಿಯುತ್ತದೆ, ಎಷ್ಟು ನಿಧಾನ ಹೋಗುತ್ತದೆ, ಹಿಂದಿನವರನ್ನು ಎಷ್ಟು ತಡೆಯುತ್ತದೆ ಎಂಬುದರ ಲೆಕ್ಕ ಅದು. ಹೊಗೆಸೊಪ್ಪು ತುಂಬಿದ ಟ್ರ್ಯಾಕ್ಟರುಗಳು ಹರಾಜು ಕಟ್ಟೆಯ ಕಡೆ ಹೊರಟರೆ ನಮ್ಮ ಕಡೆಯ ರಸ್ತೆಯ ಲೆಕ್ಕವೇ ಬದಲಾಗುತ್ತದೆ. ಇದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಅದಕ್ಕೊಂದು ಅಂಕಿ ಇದೆಯೆಂದು ಗೊತ್ತಾದದ್ದು ಬಿ.ಇ.ಗೆ ಬಂದಮೇಲೆ.

ಅವತ್ತು ಸಂಜೆ ಬೆಂಗಳೂರಿನಿಂದ ಸೋದರಮಾವ ಬಂದಿದ್ದರು. ಅವರು ಅಲ್ಲಿ ಕ್ಯಾಬ್ ಓಡಿಸುತ್ತಾರೆ. ಸುದ್ದಿ ಆಗಲೇ ಅವರ ಕಿವಿಗೆ ಬಿದ್ದಿತ್ತು. ‘ಏನವ್ವ, ಇಂಜಿನಿಯರಿಂಗ್ ಓದ್ಸುದ್ದು ರೋಡಲ್ಲಿ ಕುಂತ್ಕಂಡು ಗಾಡಿ ಎಣ್ಸಕಾ?’ ಎಂದರು. ಅಪ್ಪ ಏನೂ ಹೇಳಲಿಲ್ಲ. ಅವ್ವ ಕಾಫಿ ತರಲು ಒಳಗೆ ಹೋದಳು. ಮಾವ ಜೇಬಿನಿಂದ ಒಂದು ರಸೀದಿ ತೆಗೆದು ಮುಂದಿಟ್ಟರು. ರಜೆಯಲ್ಲಿ ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಸೇರಲಿ ಎಂದು ನನ್ನ ಹೆಸರಿನಲ್ಲಿ ಐದು ಸಾವಿರ ರೂಪಾಯಿ ಮುಂಗಡ ಕಟ್ಟಿ ಬಂದಿದ್ದರು.

ಮಾವ ಕೆಟ್ಟವರಲ್ಲ. ದಿನವೂ ಸಾಫ್ಟ್‌ವೇರ್‌ನವರನ್ನು ಆಫೀಸಿಗೆ ಬಿಟ್ಟು ಬರುವ ಅವರಿಗೆ ಸೊಸೆಯೂ ಹಾಗೆ ಕ್ಯಾಬಿನ ಹಿಂದಿನ ಸೀಟಿನಲ್ಲಿ ಕೂರಲಿ ಎಂಬ ಆಸೆ. ಆದರೆ ಆ ರಸೀದಿ ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಸಿವಿಲ್ ತೆಗೆದುಕೊಂಡು ತಪ್ಪು ಮಾಡಿದೆನಾ?

ಎರಡು ಕಡೆ ಒಂದೇ ಹೆಸರು

ಆ ದಿನಗಳಲ್ಲೇ ನಾವು ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದೆವು. ನಮ್ಮ ಹೊಲಕ್ಕೆ ಹೋಗುವ ದಾರಿ ಕೆರೆಯ ಹಿನ್ನೀರಿಗೆ ತಾಗಿಕೊಂಡಿದೆ. ಮಳೆಗಾಲ ಮುಗಿದು ತಿಂಗಳಾದರೂ ಅಲ್ಲಿ ಟ್ರ್ಯಾಕ್ಟರ್ ಹೂತುಕೊಳ್ಳುತ್ತದೆ. ಅಂಥ ಜೌಗು ಮಣ್ಣಿನ ಮೇಲೆ ಕಡಿಮೆ ಖರ್ಚಿನಲ್ಲಿ ದಾರಿ ಗಟ್ಟಿ ಮಾಡುವುದು ಹೇಗೆ ಎಂದು ಓದುತ್ತಾ ಹೋದಾಗ ಬಿದಿರಿನ ಮೇಲೆ ಒಂದು ಸಂಶೋಧನಾ ಲೇಖನ ಸಿಕ್ಕಿತು. 2015ರದು. ಬರೆದವರು ಎ. ಹೆಗ್ಡೆ ಮತ್ತು ಟಿ.ಜಿ. ಸೀತಾರಾಂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು.

ಮೆತ್ತನೆಯ ಮಣ್ಣಿನ ಮೇಲೆ ಭಾರ ಹೊರಿಸಬೇಕಾದರೆ ಪ್ಲಾಸ್ಟಿಕ್ ಪಟ್ಟಿಗಳಿಂದ ಮಾಡಿದ, ಜೇನುಗೂಡಿನಂಥ ಕೋಣೆಗಳ ಹಾಸು ಹಾಕಿ ಅದರೊಳಗೆ ಮರಳೋ ಜಲ್ಲಿಯೋ ತುಂಬುತ್ತಾರೆ. ಅದಕ್ಕೆ ಜಿಯೋಸೆಲ್ ಎನ್ನುತ್ತಾರೆ. ಕೋಣೆಯ ಗೋಡೆ ಮಣ್ಣನ್ನು ಪಕ್ಕಕ್ಕೆ ಸರಿಯಲು ಬಿಡುವುದಿಲ್ಲ, ಹಾಗಾಗಿ ಭಾರ ಅಗಲವಾಗಿ ಹರಡಿಕೊಳ್ಳುತ್ತದೆ. ಇವರು ಅದೇ ಕೆಲಸವನ್ನು ಬಿದಿರಿನ ಕೋಣೆ ಮತ್ತು ಬಿದಿರಿನ ಜಾಲರಿಯಿಂದ ಮಾಡಿ, ಪ್ರಯೋಗಾಲಯದಲ್ಲಿ ಜೇಡಿಮಣ್ಣಿನ ಮೇಲಿಟ್ಟು ಒತ್ತಿ ನೋಡಿದ್ದರು. ಬಿದಿರು ಪ್ಲಾಸ್ಟಿಕ್‌ಗಿಂತ ಹೆಚ್ಚು ಭಾರ ತಡೆದಿತ್ತು. ಅದನ್ನು ಬಾಳಿಕೆ ಬರುವಂತೆ ಮೊದಲು ಸಂಸ್ಕರಿಸಿಕೊಳ್ಳಬೇಕು, ಅಷ್ಟೆ. ಎಚ್.ಡಿ. ಕೋಟೆ ಕಡೆಯ ಸಂತೆಯಲ್ಲಿ ಬಿದಿರಿನ ಮಂಕರಿ, ಮೊರ ನೋಡಿಕೊಂಡು ಬೆಳೆದ ನನಗೆ ಖುಷಿಯೋ ಖುಷಿ. ನಮ್ಮ ಪ್ರಾಜೆಕ್ಟ್ ಸಿಕ್ಕಿತು ಎಂದುಕೊಂಡೆ.

ಮುಂದಿನ ವಾರ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ, ಅಂದರೆ ಎಐಸಿಟಿಇಯ ಹಳೆಯ ಸುತ್ತೋಲೆಯೊಂದು ಕಣ್ಣಿಗೆ ಬಿತ್ತು. ಎಐಸಿಟಿಇ ನನಗೆ ಹೊಸದಲ್ಲ. ಹೆಣ್ಣುಮಕ್ಕಳಿಗೆ ಅದು ಕೊಡುವ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ನನ್ನ ಓದು ನಡೆಯುತ್ತಿರುವುದೇ ಆ ದುಡ್ಡಿನಿಂದ. ಸುತ್ತೋಲೆಯಲ್ಲಿ ಅಧ್ಯಕ್ಷರ ಹೆಸರು ಪ್ರೊ. ಟಿ.ಜಿ. ಸೀತಾರಾಂ ಎಂದಿತ್ತು. ಬೇರೆ ಯಾರೋ ಇರಬೇಕು ಎಂದುಕೊಂಡು ಮೇಷ್ಟ್ರನ್ನು ಕೇಳಿದೆ. ‘ಅವರೇ ಕಣಮ್ಮ. ನಮ್ಮ ಸಿವಿಲ್‌ನವರು’ ಎಂದರು. ಆ ‘ನಮ್ಮ ಸಿವಿಲ್‌ನವರು’ ಎಂಬ ಮಾತನ್ನು ಅವರು ಹೇಳಿದ ರೀತಿ ನನಗೆ ಇನ್ನೂ ನೆನಪಿದೆ. ಬಿದಿರು ಒತ್ತಿ ನೋಡುತ್ತಿದ್ದ ಮೇಷ್ಟ್ರು ದೇಶದ ಎಂಜಿನಿಯರಿಂಗ್ ಕಾಲೇಜುಗಳನ್ನು ನೋಡಿಕೊಳ್ಳುವ ಕುರ್ಚಿಗೆ ಹೋದದ್ದು ಹೇಗೆ ಎಂದು ಹುಡುಕತೊಡಗಿದೆ.

ಹತ್ತು ವರ್ಷದ ಓದು

ಸೀತಾರಾಂ ಬಿ.ಇ. ಮುಗಿಸಿದ್ದು 1984ರಲ್ಲಿ, ಮೈಸೂರು ವಿಶ್ವವಿದ್ಯಾಲಯದಿಂದ. ನಾವೆಲ್ಲ ಓದುತ್ತಿರುವ ವಿಟಿಯು ಆಗ ಇರಲೇ ಇಲ್ಲ, ಅದು ಬಂದದ್ದು 1998ರಲ್ಲಿ. ಬಿ.ಇ. ಆದಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಇ. ಮಾಡಿ 1986ರಲ್ಲಿ ಮುಗಿಸಿದರು. ಅಲ್ಲಿಂದ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ. ಮರಳಿನಂಥ ಕಾಳುಕಾಳಾದ ವಸ್ತುವಿನಲ್ಲಿ ಒಂದು ಕಣ ಇನ್ನೊಂದನ್ನು ಹೇಗೆ ಒತ್ತುತ್ತದೆ, ಹೇಗೆ ಜಾರುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವ ಕೆಲಸ ಅವರದು. 1991ರಲ್ಲಿ ಪಿಎಚ್.ಡಿ. ಬಂತು. ಆಮೇಲೆ ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ 1994ರವರೆಗೆ ಸಂಶೋಧನೆ. ನಂತರ ತಾವು ಎಂ.ಇ. ಓದಿದ ವಿಜ್ಞಾನ ಸಂಸ್ಥೆಗೇ ಅಧ್ಯಾಪಕರಾಗಿ ಬಂದರು.

ಗೆಳೆಯರೇ, ಇಲ್ಲಿ ಒಂದು ಲೆಕ್ಕ ಮಾಡಿ. 1984ರಿಂದ 1994. ಬಿ.ಇ. ಮುಗಿದ ಮೇಲೆ ಹತ್ತು ವರ್ಷ ಓದು, ಸಂಶೋಧನೆ. ನಮ್ಮಲ್ಲಿ ಏಳನೇ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಆಫರ್ ಲೆಟರ್ ಕೈಯಲ್ಲಿಲ್ಲದವರು ಮನೆಗೆ ಹೋಗಲು ಹೆದರುತ್ತಾರೆ. ಹತ್ತು ವರ್ಷ ಕಾಯುವ ಶಕ್ತಿ ಎಲ್ಲ ಮನೆಗೂ ಇರುವುದಿಲ್ಲ, ನಮ್ಮ ಮನೆಗೂ ಇಲ್ಲ. ಆದರೆ ನಾಲ್ಕು ತಿಂಗಳ ಪ್ಲೇಸ್‌ಮೆಂಟ್ ಸೀಸನ್ನಿನಿಂದ ಒಂದು ಬ್ರಾಂಚಿನ ಯೋಗ್ಯತೆ ಅಳೆಯುವುದು ತಪ್ಪು ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಈ ಇಸವಿಗಳನ್ನು ಸಾಲಾಗಿ ಬರೆದುಕೊಂಡಾಗ.

ಮಣ್ಣಿನಿಂದ ರಸ್ತೆಗೆ

2001ರ ಜನವರಿ 26ರಂದು ಗುಜರಾತಿನ ಭುಜ್‌ನಲ್ಲಿ ಭೂಕಂಪವಾಯಿತು. ಆಮೇಲಿನ ವರ್ಷಗಳಲ್ಲಿ ಸೀತಾರಾಂ ಅವರ ಕೆಲಸ ಭೂಕಂಪದ ಕಡೆ ಹೊರಳಿತು. ಪಿ. ಅನ್ಬಳಗನ್ ಅವರ ಜೊತೆ ಸೇರಿ ಬೆಂಗಳೂರಿನ ನೆಲದಡಿಯ ನಕ್ಷೆ ಮಾಡಿದರು. ಯಾವ ಬಡಾವಣೆಯ ಕೆಳಗೆ ಎಷ್ಟು ಆಳಕ್ಕೆ ಕಲ್ಲು ಸಿಗುತ್ತದೆ, ಎಲ್ಲಿ ಮಣ್ಣು ಮೆತ್ತಗಿದೆ, ನೆಲ ನಡುಗಿದರೆ ಎಲ್ಲಿ ಹೆಚ್ಚು ಅಲುಗಾಡುತ್ತದೆ ಎಂದು ಹೇಳುವ ಕೆಲಸ ಅದು. ಕೊಳವೆ ಕೊರೆದ ದಾಖಲೆಗಳ ಜೊತೆಗೆ, ನೆಲಕ್ಕೆ ಸುತ್ತಿಗೆಯಿಂದ ಹೊಡೆದು ಆ ಅಲೆ ಸಾಗುವ ವೇಗವನ್ನು ಅಳೆದು ಮಣ್ಣಿನ ಗಟ್ಟಿತನ ತಿಳಿಯುವ ವಿಧಾನವನ್ನೂ ಬಳಸಿದರು.

2009ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ರಾಜ್ಯ ಸರ್ಕಾರದ ನೆರವಿನಿಂದ ಒಂದು ಹೊಸ ಕೇಂದ್ರ ಶುರುವಾಯಿತು. ಮೂಲಸೌಕರ್ಯ, ಸುಸ್ಥಿರ ಸಾರಿಗೆ ಮತ್ತು ನಗರ ಯೋಜನೆಯ ಕೇಂದ್ರ, ಚಿಕ್ಕದಾಗಿ ‘ಸಿಸ್ಟಪ್’. ಅದರ ಸ್ಥಾಪಕ ಅಧ್ಯಕ್ಷರು ಸೀತಾರಾಂ. ಮಣ್ಣಿನ ಮೇಷ್ಟ್ರಿಗೆ ಸಾರಿಗೆ ಕೇಂದ್ರ ಯಾಕೆ ಎಂದು ನನಗೂ ಅನ್ನಿಸಿತ್ತು. ಉತ್ತರ ನಮ್ಮ ಲ್ಯಾಬಿನಲ್ಲೇ ಇತ್ತು.

ಸಿವಿಲ್ ಓದುವವರಿಗೆ ಸಿಬಿಆರ್ ಪರೀಕ್ಷೆ ಗೊತ್ತಿರುತ್ತದೆ. ರಸ್ತೆ ಹಾಕುವ ಜಾಗದ ಮಣ್ಣನ್ನು ತಂದು ಅಚ್ಚಿನಲ್ಲಿ ಬಡಿದು ತುಂಬಿ, ನಾಲ್ಕು ದಿನ ನೀರಿನಲ್ಲಿ ನೆನೆಹಾಕುತ್ತೇವೆ. ಆಮೇಲೆ 50 ಮಿ.ಮೀ. ದಪ್ಪದ ಉಕ್ಕಿನ ಕೋಲನ್ನು ನಿಮಿಷಕ್ಕೆ 1.25 ಮಿ.ಮೀ. ವೇಗದಲ್ಲಿ ಅದರೊಳಗೆ ಒತ್ತುತ್ತೇವೆ. 2.5 ಮಿ.ಮೀ. ಇಳಿಯಲು ಎಷ್ಟು ಭಾರ ಬೇಕಾಯಿತು ಎಂದು ನೋಡಿ, ಒಳ್ಳೆಯ ಜಲ್ಲಿಗೆ ಬೇಕಾಗುವ 1,370 ಕೆ.ಜಿ.ಗೆ ಹೋಲಿಸುತ್ತೇವೆ. ಮೇಲೆ ಓಡುವ ಗಾಡಿಗಳ ಲೆಕ್ಕ ಒಂದು ಕಡೆ, ಕೆಳಗಿನ ಮಣ್ಣಿನ ಈ ಅಂಕಿ ಇನ್ನೊಂದು ಕಡೆ. ಎರಡೂ ಸೇರಿದರೆ ರಸ್ತೆ ಎಷ್ಟು ದಪ್ಪ ಇರಬೇಕು ಎಂದು ಗೊತ್ತಾಗುತ್ತದೆ. ಬಿಳಿಕೆರೆ ರಸ್ತೆಯಲ್ಲಿ ನಾನು ಎಳೆದ ಗೆರೆಗಳೂ, ಲ್ಯಾಬಿನಲ್ಲಿ ನೆನೆಹಾಕಿದ ನಮ್ಮ ಹೊಲದ ದಾರಿಯ ಮಣ್ಣೂ ಒಂದೇ ಲೆಕ್ಕದ ಎರಡು ತುದಿಗಳು.

ಸಿಸ್ಟಪ್‌ನಂಥ ಕೇಂದ್ರದಲ್ಲಿ ಸಿವಿಲ್‌ನವರಷ್ಟೇ ಇದ್ದರೆ ಕೆಲಸ ಆಗುವುದಿಲ್ಲ. ಗಣಿತದವರು, ಕಂಪ್ಯೂಟರ್‌ನವರು, ಪರಿಸರ ಬಲ್ಲವರು, ಆಡಳಿತ ನಡೆಸುವವರು ಎಲ್ಲರೂ ಬೇಕು. ಬಸ್ಸು, ರೈಲು, ಕಾಲುದಾರಿ, ಚರಂಡಿ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡದೆ ಬೆಂಗಳೂರಿನ ಟ್ರಾಫಿಕ್ಕಿಗೆ ಉತ್ತರ ಇಲ್ಲ. ಒಂದು ವಿಷಯದ ತಜ್ಞ ಬೇರೆ ಬೇರೆ ವಿಷಯದವರನ್ನು ಒಂದೇ ಮೇಜಿಗೆ ಕೂರಿಸುವುದನ್ನು ಕಲಿಯುವ ಜಾಗ ಅದು. ದೊಡ್ಡ ಸಂಸ್ಥೆ ನಡೆಸುವವರಿಗೆ ಬೇಕಾದದ್ದೂ ಅದೇ ಕಲೆ ತಾನೆ? 2019ರ ಜುಲೈಯಲ್ಲಿ ಸೀತಾರಾಂ ಗುವಾಹಟಿಯ ಐಐಟಿಗೆ ನಿರ್ದೇಶಕರಾಗಿ ಹೋದರು. ಬೆಂಗಳೂರಿನಲ್ಲಿ ಇಪ್ಪತ್ತೈದು ವರ್ಷ ಪಾಠ ಮಾಡಿದ ಮೇಲೆ. 2022ರ ಡಿಸೆಂಬರ್‌ನಲ್ಲಿ ಎಐಸಿಟಿಇ ಅಧ್ಯಕ್ಷರಾದರು.

ಕುರ್ಚಿಯಿಂದ ಆಗುವುದು, ಆಗದ್ದು

ಇಷ್ಟು ಓದಿದ ಮೇಲೆ, ಸಿವಿಲ್‌ನವರೊಬ್ಬರು ಅಲ್ಲಿಗೆ ಹೋದರೆ ನಮ್ಮ ಬ್ರಾಂಚಿಗೆ ಒಳ್ಳೆಯ ಕಾಲ ಬಂತು ಎಂದು ಯಾರಿಗಾದರೂ ಅನ್ನಿಸಬಹುದು. ನಡೆದದ್ದು ಅಷ್ಟು ಸರಳವಲ್ಲ.

2023ರ ಡಿಸೆಂಬರ್‌ನಲ್ಲಿ ಎಐಸಿಟಿಇ 2024–27ರ ಅನುಮೋದನಾ ಕೈಪಿಡಿ ಹೊರತಂದಿತು. ಚೆನ್ನಾಗಿ ನಡೆಯುತ್ತಿರುವ ಕಾಲೇಜುಗಳಿಗೆ ಸೀಟುಗಳ ಮೇಲೆ ಇದ್ದ ಗರಿಷ್ಠ ಮಿತಿಯನ್ನು ಅದರಲ್ಲಿ ತೆಗೆದುಹಾಕಲಾಯಿತು. ಸೌಲಭ್ಯವಿದ್ದು, ಅಧ್ಯಾಪಕರಿದ್ದರೆ ಕಾಲೇಜು ಸೀಟು ಹೆಚ್ಚಿಸಿಕೊಳ್ಳಬಹುದು. ಯಾವ ಸೀಟು ಹೆಚ್ಚಿಸಿಕೊಳ್ಳುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. ಕಂಪ್ಯೂಟರ್ ಸೈನ್ಸ್, ಅದರ ಜೊತೆಗೆ ಎಐ, ಡೇಟಾ ಸೈನ್ಸ್. ನಮ್ಮ ತರಗತಿಯಲ್ಲಿ ಹಿಂದಿನ ಮೂರು ಬೆಂಚು ಖಾಲಿ. ನಮ್ಮ ಜೂನಿಯರ್‌ಗಳ ತರಗತಿಯಲ್ಲಿ ಐದು.

ಮೊದಲು ನನಗೆ ಸಿಟ್ಟು ಬಂತು. ಮಣ್ಣಿನ ಮೇಷ್ಟ್ರ ಕಾಲದಲ್ಲೇ ಹೀಗಾಗಬೇಕೇ ಎಂದು. ಆಮೇಲೆ ಯೋಚಿಸಿದೆ. ಕಾಲೇಜು ಸೀಟು ಹೆಚ್ಚಿಸುವುದು ಬೇಡಿಕೆ ನೋಡಿ. ಬೇಡಿಕೆ ಅಂದರೆ ಯಾರು? ಸಿಇಟಿ ಕೌನ್ಸೆಲಿಂಗ್‌ನಲ್ಲಿ ಆಪ್ಷನ್ ತುಂಬುವ ನಾವು, ನಮ್ಮ ಪಕ್ಕದಲ್ಲಿ ನಿಂತು ಮೌಸ್ ಹಿಡಿಯುವ ಅಣ್ಣ, ಅಕ್ಕ, ಮಾವ. ನಾನೇ ಸಿವಿಲ್ ಅನ್ನು ಬರೆದದ್ದು ಹನ್ನೊಂದನೆಯ ಆಪ್ಷನ್ ಆಗಿ. ಇಷ್ಟಪಟ್ಟು ಬಂದವಳಲ್ಲ, ಬಂದು ಇಷ್ಟಪಟ್ಟವಳು. ಹಾಗಿದ್ದರೂ ಒಂದು ಮಾತು ಹೇಳಲೇಬೇಕು. ಎಲ್ಲವನ್ನೂ ಬೇಡಿಕೆಗೆ ಬಿಟ್ಟರೆ ನಾಳೆ ಈ ಸೇತುವೆ, ಈ ಕೆರೆ ಏರಿ ಪರೀಕ್ಷಿಸಲು ಜನ ಬೇಕಾದಾಗ ಲ್ಯಾಬು ಇರುತ್ತದೆಯೇ, ಮೇಷ್ಟ್ರು ಇರುತ್ತಾರೆಯೇ? ಮುಚ್ಚಿದ ವಿಭಾಗವನ್ನು ಮತ್ತೆ ತೆರೆಯುವುದು ಸುಲಭವಲ್ಲ. ಅದೇ ಕುರ್ಚಿಯಲ್ಲಿ ಮುಂದೆ ಕೂರುವವರಿಗೂ ಈ ಪ್ರಶ್ನೆ ಉಳಿದಿರುತ್ತದೆ.

ಇನ್ನೊಂದು ಕಡೆಯನ್ನೂ ಹೇಳಿಬಿಡುತ್ತೇನೆ. ನನ್ನ ಗೆಳತಿ, ಅವತ್ತು ಪಕ್ಕದಲ್ಲಿ ಗಾಡಿ ಎಣಿಸಿದವಳು, ಪಿರಿಯಾಪಟ್ಟಣದ ಕಡೆಯ ಸರ್ಕಾರಿ ಶಾಲೆಯಲ್ಲಿ ಹತ್ತರವರೆಗೂ ಕನ್ನಡದಲ್ಲೇ ಓದಿದವಳು. ಮೊದಲ ಸೆಮಿಸ್ಟರಿನಲ್ಲಿ ಮೂರು ವಿಷಯ ಉಳಿಸಿಕೊಂಡು ಹಾಸ್ಟೆಲ್ ಬಿಟ್ಟು ಹೊರಟಿದ್ದಳು. ಎಐಸಿಟಿಇ ಕನ್ನಡವೂ ಸೇರಿದಂತೆ 12 ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಪುಸ್ತಕ ತರುವ ಕೆಲಸ ಮಾಡಿದೆ. ಸೀತಾರಾಂ ಬರುವ ಮೊದಲೇ ಶುರುವಾಗಿ ಅವರ ಕಾಲದಲ್ಲಿ ಮುಂದುವರಿದ ಕೆಲಸವಿದು. ಅವಳು ಆ ಕನ್ನಡ ಪುಸ್ತಕವನ್ನು ಮೊಬೈಲಿನಲ್ಲಿ ಇಳಿಸಿಕೊಂಡು, ಪಕ್ಕದಲ್ಲಿ ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಓದಿದಳು. ಪರೀಕ್ಷೆ ಬರೆದದ್ದು ಇಂಗ್ಲಿಷಿನಲ್ಲೇ. ಮೂರೂ ಪಾಸಾದವು. ಹೈವೇ ವಿಷಯಕ್ಕೆ ಬಂದಾಗ ನಾವೆಲ್ಲರೂ ಓದುವುದು ಖನ್ನಾ–ಜಸ್ಟೊ ಅವರ ಪುಸ್ತಕ. ಜಸ್ಟೊ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಆ ಪುಸ್ತಕ ಕನ್ನಡಕ್ಕೆ ಬಂದರೆ ಅನುಕೂಲ ಅಂತ ಅವಳು ಈಗಲೂ ಹೇಳುತ್ತಿರುತ್ತಾಳೆ.

ರಸೀದಿಯ ವಿಷಯ

ಸಂಕ್ರಾಂತಿಗೆ ಮಾವ ಮತ್ತೆ ಬಂದರು. ಈ ಸಲ ನಾನು ತಯಾರಾಗಿದ್ದೆ. ಕೋರ್ಸಿಗೆ ಸೇರುವುದಿಲ್ಲ, ಮುಂದಿನ ವರ್ಷ ಗೇಟ್ ಪರೀಕ್ಷೆ ಬರೆಯುತ್ತೇನೆ, ಸಾರಿಗೆ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಮಾಡಬೇಕೆಂದಿದ್ದೇನೆ ಎಂದೆ. ಗೇಟ್ ಪಾಸಾಗಿ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಬರುತ್ತದೆ, ಮನೆಯಿಂದ ದುಡ್ಡು ಕೇಳುವುದಿಲ್ಲ ಎಂದೂ ಹೇಳಿದೆ. ಒಮ್ಮೆ ಬಂದ ಅಂಕ ಮೂರು ವರ್ಷ ನಡೆಯುತ್ತದೆ. ಸಿಗದಿದ್ದರೆ ಲೋಕೋಪಯೋಗಿಯ ಎಇ, ಜೆಇ ಪರೀಕ್ಷೆಗಳಿಗೂ ಅದೇ ಓದು ಸಾಕಷ್ಟು ನೆರವಾಗುತ್ತದೆ.

‘ಎಂ.ಟೆಕ್. ಮಾಡಿ ಏನ್ ಮಾಡೀಯ?’ ಎಂದರು ಮಾವ.

‘ನೀವೇ ಹೇಳಿ ಮಾವ, ಇವತ್ತು ಬೆಂಗಳೂರಿಂದ ಹೊರಡೋಕೆ ಎಷ್ಟೊತ್ತಾಯ್ತು?’

ಮಾವನಿಗೆ ಮಾತು ಸಿಕ್ಕಿತು. ಯಾವ ಸಿಗ್ನಲ್ಲಿನಲ್ಲಿ ಎಷ್ಟು ಹೊತ್ತು ನಿಂತೆ, ಯಾವ ಫ್ಲೈಓವರ್ ಇಳಿದರೆ ಇನ್ನೂ ದೊಡ್ಡ ಜಾಮ್, ಎಲ್ಲಿ ಬಸ್ ಸ್ಟಾಪನ್ನು ತಿರುವಿನಲ್ಲೇ ಇಟ್ಟಿದ್ದಾರೆ, ಅರ್ಧ ಗಂಟೆ ಹೇಳಿದರು. ನಾನು ಹೇಳಬೇಕಾದ್ದು ಏನೂ ಉಳಿಯಲಿಲ್ಲ. ಕೊನೆಗೆ ಅವರೇ, ‘ಇದ್ನೆಲ್ಲಾ ಓದ್ತಾರಾ ಅದ್ರಲ್ಲಿ?’ ಎಂದರು. ಹೌದು ಎಂದೆ. ಅಪ್ಪ ಆಗ ಬಾಯಿ ಬಿಟ್ಟರು. ‘ಮೊದ್ಲು ನಮ್ಮೊಲದ ದಾರಿ ನೋಡ್ಲಿ’ ಎಂದರು. ಅದು ಒಪ್ಪಿಗೆಯೋ, ವ್ಯಂಗ್ಯವೋ ನನಗೆ ಇನ್ನೂ ತಿಳಿದಿಲ್ಲ. ಆದರೆ ಮರುದಿನ ಪ್ರಾಜೆಕ್ಟಿಗೆ ಬೇಕಾದ ಮಣ್ಣನ್ನು ಗೊಬ್ಬರದ ಚೀಲದಲ್ಲಿ ತುಂಬಿ ಬಸ್ಸಿಗೆ ಹಾಕಿಕೊಟ್ಟವರು ಅವರೇ.

ಸೀತಾರಾಂ ಅವರ ದಾರಿಯೇ ನನ್ನ ದಾರಿ ಎಂದು ನಾನು ಹೇಳುತ್ತಿಲ್ಲ. ಎಲ್ಲರೂ ಐಐಟಿ ನಿರ್ದೇಶಕರಾಗುವುದಿಲ್ಲ. ನನಗೆ ಅವರ ಬದುಕಿನ ಇಸವಿಗಳಿಂದ ಸಿಕ್ಕಿದ್ದು ಬೇರೆ. ಅವರು ಮರಳಿನ ಕಣದಿಂದ ಭೂಕಂಪಕ್ಕೆ, ಅಲ್ಲಿಂದ ಸಾರಿಗೆಗೆ, ಅಲ್ಲಿಂದ ಆಡಳಿತಕ್ಕೆ ಹೋದರು. ಪ್ರತಿ ಸಲವೂ ಹಿಂದೆ ಕಲಿತದ್ದನ್ನು ಹೊತ್ತುಕೊಂಡೇ ಹೋದರು. ನಾವು ‘ಬ್ರಾಂಚ್ ಚೇಂಜ್’ ಎಂದರೆ ಕಲಿತದ್ದನ್ನು ಎಸೆದು ಹೋಗುವುದು ಎಂದುಕೊಂಡಿದ್ದೇವೆ. ಕೋಡಿಂಗ್ ಕಲಿಯಬೇಡಿ ಎಂದು ಯಾರಿಗೂ ಹೇಳುವುದಿಲ್ಲ. ನಾನೂ ಕಲಿಯುತ್ತಿದ್ದೇನೆ, ನಾಲ್ಕು ಗಂಟೆ ಎಳೆದ ಗೆರೆಗಳನ್ನು ಲೆಕ್ಕ ಹಾಕಲು.

ಆ ಕೋರ್ಸಿನವರು ಮುಂಗಡ ವಾಪಸ್ ಕೊಡಲಿಲ್ಲ. ಐದು ಸಾವಿರ ಹೋಯಿತು. ಮಾವ ಅದರ ಮಾತೆತ್ತಿಲ್ಲ, ಆದರೆ ನಾನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮೊದಲ ಸ್ಟೈಪೆಂಡ್ ಬಂದ ದಿನ ತೀರಿಸಬೇಕಾದ ಸಾಲ ಅದು.